ವಕೀಲ, ಸಿಎ, ಪೈಲಟ್, ಟ್ಯಾಕ್ಸಿ ಚಾಲಕ: ಪರವಾನಗಿ ಪಡೆಯಲು ನಿಜವಾಗಿ ಎಷ್ಟು ಹಣ ಬೇಕು?

ನೀವು ಬಿ.ಕಾಂ. ಓದುತ್ತಿದ್ದು, ಈ ನಾಲ್ಕು ವೃತ್ತಿಗಳಲ್ಲಿ ಯಾವುದರ ಪರವಾನಗಿಗೆ ಎಷ್ಟು ಖರ್ಚಾಗುತ್ತದೆ, ಮನೆಯವರು ದೊಡ್ಡ ಸಾಲ ಮಾಡದೆ ಯಾವುದನ್ನು ಕೈಗೊಳ್ಳಬಹುದು ಎಂದು ಕೇಳಿದ್ದೀರಿ. ನಾನು ಜಿಲ್ಲಾ ನ್ಯಾಯಾಲಯವೊಂದರಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಹೊಸದಾಗಿ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದು ಬರುವ ಕಿರಿಯರನ್ನು ಹತ್ತಿರದಿಂದ ನೋಡುತ್ತಿರುವುದರಿಂದ ವಕೀಲಿಕೆಯ ಬಗ್ಗೆ ವಿವರವಾಗಿಯೂ ಉಳಿದವುಗಳ ಬಗ್ಗೆ ಅಗತ್ಯವಿದ್ದಷ್ಟೂ ಬರೆಯುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪರವಾನಗಿಗೆಂದು ಕಟ್ಟುವ ಶುಲ್ಕ ಎಲ್ಲ ಕಡೆಯೂ ಒಟ್ಟು ಖರ್ಚಿನ ಚಿಕ್ಕ ಭಾಗ. ಅದನ್ನು ಪಡೆಯುವ ಮುನ್ನ ಮತ್ತು ಪಡೆದ ನಂತರ ಸಂಪಾದನೆಯಿಲ್ಲದೆ ಕಳೆಯಬೇಕಾದ ಕಾಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಿಮ್ಮ ಹೋಲಿಕೆ ತಪ್ಪಾಗುತ್ತದೆ.

ಚಾಲಕರದ್ದು ನಾಲ್ಕರಲ್ಲೂ ಕಡಿಮೆ ಖರ್ಚಿನ ದಾರಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಲಿಕಾ ಪರವಾನಗಿಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಪರವಾನಗಿ ವಿತರಣೆಗೆ 200, ಹೀಗೆ ಒಂದು ವರ್ಗದ ವಾಹನಕ್ಕೆ ಒಟ್ಟು 700 ರೂಪಾಯಿಯ ಆಸುಪಾಸು ಬೀಳುತ್ತದೆ. ಡ್ರೈವಿಂಗ್ ಶಾಲೆಯ ಶುಲ್ಕ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದ ಮೇಲೆ, ಟ್ಯಾಕ್ಸಿಗೆಂದು ಬೇರೊಂದು ಸಾರಿಗೆ ಪರವಾನಗಿ ಬೇಕೇ ಎಂಬ ಗೊಂದಲವೂ ನೀಗಿದೆ. ಇಲ್ಲಿ ನಿಜವಾದ ಹೊರೆ ಪರವಾನಗಿಯದ್ದಲ್ಲ, ಕಾರಿನ ಸಾಲದ ಕಂತಿನದ್ದು.

ಪೈಲಟ್ ವೃತ್ತಿ ಇದಕ್ಕೆ ತೀರ ವಿರುದ್ಧ. ವಾಣಿಜ್ಯ ಪೈಲಟ್ ಪರವಾನಗಿಗೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 200 ಗಂಟೆಗಳ ಹಾರಾಟವನ್ನು ಕೇಳುತ್ತದೆ, ಮತ್ತು ವಿಮಾನ, ಇಂಧನ, ಬೋಧಕರ ವೆಚ್ಚವೆಲ್ಲ ಸೇರಿ ಪ್ರತಿ ಗಂಟೆಯೂ ದುಬಾರಿ. ತರಬೇತಿ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಐವತ್ತು ಲಕ್ಷದ ಸುತ್ತಮುತ್ತ ಖರ್ಚಾಗಿರುತ್ತದೆ; ದೊಡ್ಡ ವಿಮಾನ ನಡೆಸಲು ಬೇಕಾದ ಟೈಪ್ ರೇಟಿಂಗ್ ಬೇರೆ. ಈ ದಾರಿಯ ಬಗ್ಗೆ ನಿಜವಾಗಿಯೂ ಯೋಚಿಸುತ್ತಿದ್ದರೆ ಯಾವ ಶಾಲೆಗೂ ಮುಂಗಡ ಕಟ್ಟುವ ಮೊದಲು ಡಿಜಿಸಿಎ ವೈದ್ಯಕೀಯ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಸಿಗದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಸಾಲ ಮಾಡಬಾರದೆಂಬ ನಿಮ್ಮ ಷರತ್ತಿಗಂತೂ ಇದು ಹೊಂದುವುದಿಲ್ಲ.

ಸಿಎ ಕೋರ್ಸಿನಲ್ಲಿ ಅದನ್ನು ನಡೆಸುವ ಐಸಿಎಐ ಸಂಸ್ಥೆಗೆ ಕಟ್ಟುವ ನೋಂದಣಿ ಶುಲ್ಕ ಫೌಂಡೇಶನ್‌ಗೆ 9,000, ಇಂಟರ್‌ಮೀಡಿಯೆಟ್‌ನ ಎರಡೂ ಗುಂಪುಗಳಿಗೆ 18,000, ಫೈನಲ್‌ಗೆ 22,000 ರೂಪಾಯಿಯಷ್ಟಿದೆ. ಪರೀಕ್ಷಾ ಶುಲ್ಕ ಮತ್ತು ಕಡ್ಡಾಯ ತರಬೇತಿಗಳನ್ನು ಸೇರಿಸಿದರೂ ಒಂದು ವೃತ್ತಿಪರ ಪದವಿಗೆ ಇದು ಹೆಚ್ಚೇನಲ್ಲ. ಪರೀಕ್ಷೆ ಕಠಿಣವಾದ್ದರಿಂದ ಹಲವರಿಗೆ ಮತ್ತೆ ಮತ್ತೆ ಬರೆಯಬೇಕಾಗುತ್ತದೆ, ಆಗ ಕೋಚಿಂಗ್‌ನ ಹಣವೂ ವಯಸ್ಸೂ ಒಟ್ಟಿಗೆ ಕಳೆಯುತ್ತವೆ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ಪ್ರಾಯೋಗಿಕ ತರಬೇತಿ, ಮೂರು ವರ್ಷದಿಂದ ಎರಡಕ್ಕೆ ಇಳಿದಿರುವುದು ನಿಮ್ಮಂಥವರಿಗೆ ಅನುಕೂಲವೇ. ಆ ಅವಧಿಯಲ್ಲಿ ಸ್ಟೈಪೆಂಡ್ ಕೊಡುವುದು ಕಡ್ಡಾಯ. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಬದುಕಲು ಮಾತ್ರ ನಿಗದಿತ ಕನಿಷ್ಠ ಮೊತ್ತ ಸಾಲದು.

ಇನ್ನು ವಕೀಲಿಕೆ. ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ ಮಾಡಬೇಕು. ರಾಮನಗರ, ಹೊಳೆನರಸೀಪುರಗಳಲ್ಲಿರುವಂಥ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕ ಹೊರೆಯೆನಿಸುವುದಿಲ್ಲ. ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. 1961ರ ವಕೀಲರ ಅಧಿನಿಯಮದ 24ನೇ ಕಲಮು ಇದಕ್ಕೆ ನಿಗದಿಪಡಿಸಿರುವುದು ರಾಜ್ಯ ಪರಿಷತ್ತಿಗೆ 600 ಮತ್ತು ಭಾರತೀಯ ವಕೀಲರ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಕಾನೂನು ಹೀಗಿದ್ದರೂ ಗ್ರಂಥಾಲಯ ನಿಧಿ, ಕಲ್ಯಾಣ ನಿಧಿ, ಗುರುತಿನ ಚೀಟಿ ಎಂದು ಒಂದೊಂದೇ ಬಾಬತ್ತು ಸೇರಿಸಿ ದೇಶದಾದ್ಯಂತ ಪರಿಷತ್ತುಗಳು ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದವು. ಒಡಿಶಾದಲ್ಲಿ ಈ ಮೊತ್ತ 42,100 ರೂಪಾಯಿಗೆ ಮುಟ್ಟಿತ್ತೆಂಬುದು ಸುಪ್ರೀಂ ಕೋರ್ಟಿನ ಮುಂದೆ ಬಂತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ತಡೆಯಿತು: ಕಾನೂನಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ ಒಂದು ರೂಪಾಯಿಯನ್ನೂ ನೋಂದಣಿಯ ಷರತ್ತಾಗಿ ಪಡೆಯುವಂತಿಲ್ಲ, ಹಾಗೆ ಪಡೆಯುವುದು ಬಡವರನ್ನೂ ಅಂಚಿನ ಸಮುದಾಯದವರನ್ನೂ ವೃತ್ತಿಯಿಂದ ದೂರವಿಡುತ್ತದೆ. ಆದರೆ ಅದಕ್ಕೂ ಮೊದಲು ಹೆಚ್ಚು ಕಟ್ಟಿದವರಿಗೆ ಮರುಪಾವತಿಯ ಆದೇಶವಾಗಲಿಲ್ಲ.

ನಮ್ಮ ರಾಜ್ಯಕ್ಕೆ ನೇರವಾಗಿ ಸಂಬಂಧಿಸಿದ ಆದೇಶ ಬಂದದ್ದು 2025ರ ಆಗಸ್ಟಿನಲ್ಲಿ. ಗುರುತಿನ ಚೀಟಿ, ಪ್ರಮಾಣಪತ್ರ, ಕಲ್ಯಾಣ ನಿಧಿ, ತರಬೇತಿ ಮುಂತಾದವುಗಳಿಗೆಂದು ಕರ್ನಾಟಕದಲ್ಲಿ 6,800 ರೂಪಾಯಿ ಪಡೆಯಲಾಗುತ್ತಿದೆ, ಇದು ಐಚ್ಛಿಕ ಎಂಬ ವಾದ ಬಂದಾಗ, ಐಚ್ಛಿಕ ಶುಲ್ಕವೆಂಬುದೇ ಇಲ್ಲವೆಂದು ಹೇಳಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಲು ಸೂಚಿಸಿತು. ಆದ್ದರಿಂದ ನೀವು ಅರ್ಜಿ ಹಾಕುವ ಹೊತ್ತಿಗೆ ಯಾವ ಹೆಸರಿನಲ್ಲಿ ಹೆಚ್ಚಿನ ಹಣ ಕೇಳಿದರೂ ಅದು ಯಾವ ಕಲಮಿನಡಿ ಎಂದು ಲಿಖಿತವಾಗಿ ಕೇಳಿ, ರಸೀದಿ ಪಡೆಯಿರಿ. ಹೀಗೆ ಕೇಳಲು ಯಾರೂ ಹಿಂಜರಿಯಬೇಕಾಗಿಲ್ಲ.

ನೋಂದಣಿಯಾದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಎಐಬಿಇ, ಪಾಸಾಗಬೇಕು. ಇತ್ತೀಚಿನ ವರ್ಷಗಳಲ್ಲಿ ಅದರ ಶುಲ್ಕ ಸಾಮಾನ್ಯ ವರ್ಗಕ್ಕೆ 3,500 ರೂಪಾಯಿ. ನೋಂದಣಿಗೆ 750 ಎಂದು ಸಂಸತ್ತು ಗೊತ್ತುಪಡಿಸಿರುವಾಗ ಪರೀಕ್ಷೆಯೊಂದಕ್ಕೆ ಅದರ ನಾಲ್ಕು ಪಟ್ಟಿಗೂ ಮಿಕ್ಕಿ ಪಡೆಯುವುದು ನನಗೆ ಸರಿಕಾಣುವುದಿಲ್ಲ. ಪರೀಕ್ಷೆಯಲ್ಲಿ ಟಿಪ್ಪಣಿಯಿಲ್ಲದ ಬೇರ್ ಆ್ಯಕ್ಟ್‌ಗಳನ್ನು, ಅಂದರೆ ಕಾನೂನಿನ ಮೂಲ ಪಠ್ಯವಷ್ಟೇ ಇರುವ ಪುಸ್ತಕಗಳನ್ನು, ನೋಡಿ ಬರೆಯಬಹುದು. 2024ರ ಜುಲೈ 1ರಿಂದ ಐಪಿಸಿಯ (ಭಾರತೀಯ ದಂಡ ಸಂಹಿತೆ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾನೂನುಗಳು ಜಾರಿಗೆ ಬಂದಿರುವುದರಿಂದ ಹಿರಿಯರ ಹಳೆಯ ಐಪಿಸಿ ಪ್ರತಿ ಎರವಲು ತಂದರೆ ಸಾಲದು, ಹೊಸದನ್ನು ಕೊಳ್ಳಲೇಬೇಕು. ಹಳೆಯ ಪ್ರಕರಣಗಳು ಇನ್ನೂ ಐಪಿಸಿಯಲ್ಲೇ ನಡೆಯುತ್ತಿರುವುದರಿಂದ ಕಚೇರಿ ಕೆಲಸಕ್ಕೆ ಎರಡೂ ಬೇಕಾಗುತ್ತವೆ. ಕರಿಕೋಟು, ಗೌನು, ಬಿಳಿ ಬ್ಯಾಂಡ್, ನೋಟರಿ ಮತ್ತು ಪ್ರಮಾಣಪತ್ರದ ಖರ್ಚುಗಳೂ ಇದೇ ಸಮಯಕ್ಕೆ ಎದುರಾಗುತ್ತವೆ.

ಇಷ್ಟನ್ನೂ ಕೂಡಿಸಿದರೆ ಸನ್ನದಿನ ಖರ್ಚನ್ನು ಸಾಧಾರಣ ಕುಟುಂಬ ಹೇಗಾದರೂ ಹೊಂದಿಸಬಹುದು. ಕಿರಿಯರು ಸೋಲುವುದು ಆಮೇಲೆ. ಹಿರಿಯರ ಕಚೇರಿಗೆ ಸೇರಿದ ಮೊದಲೆರಡು ವರ್ಷ ಬೆಳಿಗ್ಗೆ ಕೇಸ್ ಫೈಲು ಹೊತ್ತು ಹಾಲ್‌ನಿಂದ ಹಾಲ್‌ಗೆ ಓಡುತ್ತಾರೆ, ಮುಂದಿನ ತಾರೀಖು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ನಕಲು ವಿಭಾಗದಲ್ಲಿ ಸರದಿ ನಿಲ್ಲುತ್ತಾರೆ, ಸಂಜೆ ಅರ್ಜಿ ಟೈಪ್ ಮಾಡುತ್ತಾರೆ. ತಿಂಗಳ ಕೊನೆಗೆ ಬಸ್ಸಿನ ಖರ್ಚಿಗೂ ಸಾಲದಷ್ಟು ಕೈಗೆ ಬಂದರೆ ಅದೇ ದೊಡ್ಡದು. ಜಾಣ ಹುಡುಗ ಹುಡುಗಿಯರು, ವಿಶೇಷವಾಗಿ ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿರುವವರು, ಈ ಹಂತದಲ್ಲೇ ವೃತ್ತಿ ಬಿಟ್ಟುಹೋಗುವುದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಬದ್ಧತೆಯಿಲ್ಲ.

ನಿಮ್ಮ ಪರಿಸ್ಥಿತಿಯಲ್ಲಿ ನಾನು ವಕೀಲಿಕೆ ಅಥವಾ ಸಿಎ ದಾರಿಯನ್ನೇ ಸೂಚಿಸುತ್ತೇನೆ. ವಕೀಲಿಕೆ ಆರಿಸಿಕೊಂಡರೆ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲೇ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಗಳು ಅರ್ಹ ಕಾನೂನು ಪದವೀಧರರಿಗೆ ಕೊಡುವ ತರಬೇತಿ ಭತ್ಯೆಯನ್ನು ವಿಚಾರಿಸಿಕೊಳ್ಳಿ. ಹಿರಿಯರೊಬ್ಬರ ಕಚೇರಿ ಸೇರುವ ಮುನ್ನ ತಿಂಗಳಿಗೆ ಎಷ್ಟು ಕೊಡುತ್ತೀರಿ, ಯಾವ ದಿನಾಂಕದಂದು ಕೊಡುತ್ತೀರಿ ಎಂಬುದನ್ನು ಸಂಕೋಚಪಡದೆ ಕೇಳಿ. ನನ್ನ ಬಳಿ ಹಾಗೆ ಕೇಳಿ ಸೇರಿದವರ ಬಗ್ಗೆ ನನಗೆ ಗೌರವ ಹೆಚ್ಚಿದೆಯೇ ಹೊರತು ಎಂದೂ ಬೇಸರವಾಗಿಲ್ಲ.