ಬೋರ್‌ವೆಲ್‌ಗೊಂದು ವಹಿ ಇದೆಯೇ?

ಪುಣೆಯ ಕೋಥ್ರೂಡ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಸೊಸೈಟಿಯಲ್ಲಿ ಮೂರನೇ ಬೋರ್‌ವೆಲ್ ಕೊರೆಸಿದೆವು. ತೆಂಗಿನಕಾಯಿ ಹಿಡಿದು ಜಾಗ ತೋರಿಸಿದರು, ನೀರು ಬಂತು. ನನ್ನ ಸೋದರಳಿಯ ಮುಂಬೈಯಲ್ಲಿ ಎಸಿ ರೂಮಿನಲ್ಲಿ ಕೂತು ಎಣ್ಣೆಬಾವಿಗಳ ಮಾಡೆಲ್ ಮಾಡುತ್ತಾನೆ. ಭೂಮಿಯ ಹೊಟ್ಟೆಯೊಳಗಿನದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?’

ನೀರು ಬಂದದ್ದು ಸಂತೋಷ. ತೆಂಗಿನಕಾಯಿಯವರಿಗೂ ನಮಸ್ಕಾರ. ಆದರೆ ‘ಮೂರನೇ’ ಅಂದಿರಲ್ಲ, ಮೊದಲೆರಡಕ್ಕೆ ಜಾಗ ತೋರಿಸಿದವರು ಯಾರು?

ನೆಲದಡಿ ಎಣ್ಣೆಯ ಕೆರೆ ಇರುವುದಿಲ್ಲ ಸ್ವಾಮಿ. ಮೈಸೂರು ಪಾಕಿನ ತೂತುಗಳಲ್ಲಿ ತುಪ್ಪ ಇರುವ ಹಾಗೆ ಕಲ್ಲಿನೊಳಗೆ ಇರುತ್ತದೆ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಆಚೆ ಸಮುದ್ರದಲ್ಲಿ, 1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ ಕೊರೆದಾಗ ಸಿಕ್ಕಿತಲ್ಲ ಬಾಂಬೆ ಹೈ ಎಣ್ಣೆಕ್ಷೇತ್ರ, ಅಲ್ಲಿಯ ಎಣ್ಣೆಯೂ ಹೆಚ್ಚಾಗಿ ಸುಣ್ಣದಕಲ್ಲಿನಲ್ಲೇ ಇದೆ. ಎಣ್ಣೆ ತೆಗೆದಂತೆ ಒತ್ತಡ ಇಳಿಯುತ್ತದೆ. ಆಗ ಬೇರೆ ಬಾವಿಗಳಿಂದ ನೀರು ನುಗ್ಗಿಸುತ್ತಾರೆ. ಆ ನೀರು ಎಣ್ಣೆಯನ್ನು ಮುಂದಕ್ಕೆ ತಳ್ಳಬೇಕು. ಅದು ಬಿಟ್ಟು ಸಲೀಸಾದ ದಾರಿ ಹಿಡಿದು ತಾನೇ ಮೊದಲು ಬಾವಿ ಸೇರಿತೋ, ಎಣ್ಣೆ ಹಿಂದೆಯೇ ಉಳಿಯಿತು.

ಎಲ್ಲಿಂದ, ಎಷ್ಟು ನುಗ್ಗಿಸಬೇಕು? ಅದಕ್ಕೇ ಮಾಡೆಲ್. ಕಲ್ಲನ್ನು ಲೆಕ್ಕದಲ್ಲಿ ಸಾವಿರಾರು ತುಂಡು ಮಾಡಿ, ಒಂದೊಂದು ತುಂಡಿನಿಂದ ಪಕ್ಕದ್ದಕ್ಕೆ ಎಷ್ಟು ಹರಿದೀತು ಅಂತ ನೋಡುತ್ತಾರೆ. ಇದಕ್ಕೆ ಆಧಾರ, ಮರಳು-ಕಲ್ಲಿನ ತೂತುಗಳಲ್ಲಿ ಎಷ್ಟು ಹರಿಯುತ್ತದೆ ಅಂತ ಹೇಳುವ 1856ರ ಡಾರ್ಸಿ ನಿಯಮ. ಡಾರ್ಸಿ ಅಂದರೆ ಫ್ರಾನ್ಸಿನ ಡಿಜೋನ್ ಊರಿಗೆ ಕುಡಿಯುವ ನೀರು ತಂದ ಇಂಜಿನಿಯರ್. ಮರಳಿನಲ್ಲಿ ನೀರು ಇಳಿಸಿ ಅಳೆದವನು. ಎಣ್ಣೆಯವರೆಲ್ಲ ಇವತ್ತಿಗೂ ನೀರಿನವನನ್ನೇ ನಂಬಿದ್ದಾರೆ!

ಮಾಡೆಲ್ ಮೊದಲು ಹಳೆಯದನ್ನು ಸರಿಯಾಗಿ ಹೇಳಬೇಕು. ಯಾವ ಬಾವಿಯಲ್ಲಿ ಎಷ್ಟು ಬಂತು, ಒತ್ತಡ ಎಷ್ಟಿತ್ತು ಅಂತ ಬರೆದಿಟ್ಟದ್ದಕ್ಕೆ ತಾಳೆಯಾಗುವವರೆಗೆ ತಿದ್ದುತ್ತಾರೆ. ಹಿಸ್ಟರಿ ಮ್ಯಾಚಿಂಗ್ ಅಂತ ಅದಕ್ಕೆ ಹೆಸರು. ಹತ್ತು ಬೇರೆ ಬೇರೆ ಮಾಡೆಲ್ ಒಂದೇ ಇತಿಹಾಸಕ್ಕೆ ತಾಳೆಯಾಗಬಹುದು, ನಿಜ. ಅಷ್ಟರ ಮಟ್ಟಿಗೆ ನಿಮ್ಮ ಅನುಮಾನಕ್ಕೆ ಜಾಗ ಇದೆ.

ಆದರೆ ಬರೆದಿಟ್ಟದ್ದೇ ಇಲ್ಲದಿದ್ದರೆ? ಪುಣೆಯ ಅಡಿಯ ಕರಿಕಲ್ಲು ಮೊದಲೇ ತರಲೆ. ನೀರಿರುವುದು ಬಿರುಕಿನಲ್ಲಿ, ಸವೆದ ಪದರದಲ್ಲಿ. ಹತ್ತು ಹೆಜ್ಜೆ ಆಚೆ ಕೊರೆದರೆ ಬರೀ ಧೂಳು. ಡೊಂಬಿವಲಿಯ ನಮ್ಮ ಕಟ್ಟಡದ ಬೋರ್ ಬತ್ತಿದಾಗ ನಾನು ಹಳೆಯ ಫೈಲ್ ತೆಗೆಸಿದೆ. ಪೇಂಟಿಂಗ್ ಬಿಲ್ ಇತ್ತು. ಸತ್ಯನಾರಾಯಣ ಪೂಜೆಯ ಬಾಳೆಹಣ್ಣಿನ ಚೀಟಿ ಇತ್ತು. ಎಷ್ಟು ಅಡಿ ಕೊರೆದರು, ಎಷ್ಟನೇ ಅಡಿಗೆ ನೀರು ಸಿಕ್ಕಿತು? ವಾಚ್‌ಮನ್ ‘ಬಹುತ್ ಗೆಹರಾ ಹೈ ಸಾಬ್’ ಅಂದ. ಅಷ್ಟೇ ದಾಖಲೆ.

ನಮ್ಮ ಕನ್ನಡ ಸಂಘಗಳೇನು ಕಡಿಮೆಯೇ? ಸ್ಮರಣ ಸಂಚಿಕೆ ತುಂಬ ಹಾರ ಹಾಕಿಸಿಕೊಂಡವರ ಫೋಟೋ. ಆ ವರ್ಷ ಯಾವ ನಾಟಕ ಆಡಿದರು, ಯಾರು ಪಾತ್ರ ಮಾಡಿದರು, ಎಲ್ಲೂ ಇಲ್ಲ. ನಾಳೆ ಇತಿಹಾಸ ಬರೆಯುವವನೂ ತೆಂಗಿನಕಾಯಿಯನ್ನೇ ಹಿಡಿಯಬೇಕು, ಅಲ್ವಾ?

ತಿಂಗಳಿಗೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು, ಭಾರ ಕಟ್ಟಿದ ಟೇಪ್ ಇಳಿಸಿ ನೀರು ಎಷ್ಟು ಆಳದಲ್ಲಿದೆ ನೋಡಿ. ವಹಿಯಲ್ಲಿ ತಾರೀಖು ಸಮೇತ ಬರೆಯಿರಿ. ಮುಂದಿನ ಪತ್ರದಲ್ಲಿ ನನಗೂ ತಿಳಿಸಿ. ಹಾಗೇ, ಮೊದಲೆರಡು ಬೋರ್‌ಗಳ ಕಥೆಯನ್ನೂ.