ನೀರಿನ ಹನಿ ಫೋಟೋ ಮಸುಕಾಗೋದ್ಯಾಕ, ಬಣ್ಣ ಚಂದ ಬರಾಕ ಲೈಟ್ ಎಲ್ಲಿ ಇಡಬೇಕು?

ಟ್ಯೂಬ್‌ಲೈಟಿನ್ಯಾಗ ಶಟರ್ (ಕ್ಯಾಮೆರಾದ ಕಣ್ಣು ತೆರೆದಿರೋ ಹೊತ್ತು) 1/200 ಸೆಕೆಂಡಿಗೆ ಇಟ್ಟು ಹೊಡೆದ್ರೂ ಹನಿ ಗೀಟು ಎಳದಂಗ ಬರ್ತೈತಿ, ಬಣ್ಣದ ನೀರು ರಾಡಿ ಕಂಡಂಗ ಕಾಣ್ತೈತಿ ಅಂದೀರಲ್ಲ, ನಾನೂ ಕೊಪ್ಪಳದಾಗ ನಮ್ಮ ಅಡಿಗಿಮನಿಯೊಳಗ ಒಂದು ಬ್ಯಾಸಗಿ ಪೂರ್ತಿ ಇದ ತಪ್ಪು ಮಾಡೀನ್ರಿ.

ಒಂದಡಿ ಮ್ಯಾಲಿಂದ ಬಿಟ್ಟ ಹನಿ ನೀರು ಮುಟ್ಟೋ ಹೊತ್ತಿಗೆ ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಾಗ ಇರ್ತೈತಿ, ಅಂದ್ರ 1/200 ಸೆಕೆಂಡಿನ್ಯಾಗ ಅದು 12 ಮಿಲಿಮೀಟರ್ ಸರದಿರ್ತೈತಿ, ಹನಿಗಿಂತ ಅದರ ಬಾಲಾನ ಉದ್ದ. ಹಂಗಾಗಿ ಇಲ್ಲಿ ಹನಿ ಹಿಡಿಯೋದು ಶಟರ್ ಅಲ್ಲ, ಫ್ಲ್ಯಾಶ್. ಫುಲ್ ಪವರ್ ಇಟ್ರ ಬೆಳಕು ಜಾಸ್ತಿ, ಫೋಟೋ ಚಲೋ ಅಂತ ನಾನು ವಾರಗಟ್ಲೆ ಹಂಗ ಹೊಡದೆ, ಉಲ್ಟಾ ಐತ್ರಿ ಅದು, ಪವರ್ ಇಳಿಸಿದಷ್ಟು ಮಿಂಚೋ ಟೈಮ್ ಸಣ್ಣದಾಗ್ತೈತಿ. ಫುಲ್ ಪವರಿನ 1/32ಕ್ಕ ಇಳಿಸಿದ್ರ ಸಾಮಾನ್ಯ ಫ್ಲ್ಯಾಶ್ 1/10000 ಸೆಕೆಂಡಿನ ಆಸುಪಾಸು ಬರ್ತೈತಿ, ಅಷ್ಟರಾಗ ಹನಿ ಕಾಲು ಮಿಲಿಮೀಟರೂ ಸರಿಯಂಗಿಲ್ಲ. ಶಟರ್ 1/200 ಇರ್ಲಿ, ಲೆನ್ಸಿನ ಕಿಂಡಿ ಎಫ್/11, ಬೆಳಕು ಹಿಡಿಯೋ ಸೂಕ್ಷ್ಮತೆ ಅಂದ್ರ ಐಎಸ್‌ಓ 200ರಿಂದ 400, ಕೋಣಿ ಕತ್ತಲಿ. ಫ್ಲ್ಯಾಶ್ ಇಲ್ಲದ ಒಂದು ಹೊಡದು ನೋಡ್ರಿ, ಪೂರಾ ಕರ್ರಗ ಬಂದ್ರ ಸೆಟ್ಟಿಂಗ್ ಬರೋಬರಿ. ನಮ್ಮ ಕಡೆ ರಾತ್ರಿ ಕರೆಂಟ್ ಹೋದಾಗ ಎಲ್ಲಾರೂ ಬೈತಿರ್ತಾರ, ನಾನು ಟ್ರೇ ತಗಿತೀನಿ. ಫ್ಯಾನ್ ಹೆಂಗೂ ಬಂದ್ ಇರ್ಬೇಕು, ಗಾಳಿಗೆ ನೀರಿನ ಮ್ಯಾಲೆ ತೆರಿ ಏಳ್ತಾವ, ಏಪ್ರಿಲ್‌ದಾಗ ಅದೊಂದು ಶಿಕ್ಷಾನ ಬಿಡ್ರಿ.

ಈಗ ಬಣ್ಣ. ಮೊದಲ ಸಲ ಹೋಳಿ ಬಣ್ಣ ಕಲಸಿದ್ದೆ, ಅದು ಕರಗದ ತಳಕ್ಕ ಕೂತು ಕೆಸರಾತು, ಅವ್ವನ ಗಂಗಾಳಕ್ಕ ಕಲೆ, ಬೈಗಳ ಬ್ಯಾರೆ. ಕೇಸರಿಬಾತಿಗೆ ಹಾಕೋ ಬಣ್ಣ ಚಿಟಿಕಿ ಸಾಕು, ಜಾಸ್ತಿಯಾದ್ರ ಬೆಳಕು ದಾಟೂದಿಲ್ಲ. ಸ್ಟೀಲ್ ಗಂಗಾಳ ಬ್ಯಾಡ, ಎಲ್ಲಾ ಹೊಳಿತೈತಿ, ಗಾಜಿನ ಟ್ರೇ ತಗೋರಿ. ಮುಖ್ಯ ಮಾತು ಏನಪಾ ಅಂದ್ರ ಫ್ಲ್ಯಾಶ್ ಹನಿಗೆ ಹೊಡಿಬ್ಯಾಡ್ರಿ, ಹೊಡೆದ್ರ ಹನಿ ಮ್ಯಾಲೆ ಒಂದು ಬಿಳಿ ಚುಕ್ಕಿ ಬಿಟ್ರ ಏನೂ ಕಾಣೂದಿಲ್ಲ. ಟ್ರೇ ಹಿಂದ ಬಟರ್ ಪೇಪರ್ ನಿಲ್ಲಿಸಿ ಅದರ ಹಿಂದಿನಿಂದ ಹೊಡೀರಿ. ನಿಜ ಹೇಳಬೇಕಂದ್ರ ಈಗ ನಾನು ನೀರಿಗೆ ಬಣ್ಣಾನ ಹಾಕೂದು ಕಡಿಮಿ, ಫ್ಲ್ಯಾಶಿಗೆ ಸ್ಟೇಷನರಿ ಅಂಗಡಿ ಜಿಲೇಟಿನ್ ಪೇಪರ್ ಕಟ್ಟತೀನಿ, ಒಂದು ಕಡೆ ನೀಲಿ, ಒಂದು ಕಡೆ ಕಿತ್ತಳಿ, ತಿಳಿನೀರಿನ ತೆರಿ ಮ್ಯಾಲೆ ಎರಡೂ ಹರೀತಾವ.

ಹನಿಗೆ ಮೆಡಿಕಲ್ ಶಾಪಿನ ಸಲೈನ್ ಸೆಟ್ ತಗೋರಿ, ಗಾಲಿ ತಿರುಗಿಸಿ ವೇಗ ಹಿಡಿಬಹುದು. ಬೀಳೋ ಜಾಗದಾಗ ಪೆನ್ಸಿಲ್ ಅಡ್ಡ ಹಿಡಿದು ಮ್ಯಾನುವಲ್ ಫೋಕಸ್ ಮಾಡ್ರಿ. ತೆಳ್ಳಗ ಹಾಲು ಹರವಿದ್ರ ಕಿರೀಟ ಏಳ್ತೈತಿ, 1957ರಾಗ ಅಮೆರಿಕಾದ ಹೆರಾಲ್ಡ್ ಎಡ್ಜರ್ಟನ್ ಇಂಥದ್ದ ಹಾಲಿನ ಕಿರೀಟ ಸ್ಟ್ರೋಬ್ ಅಂದ್ರ ಕ್ಷಣಮಾತ್ರ ಮಿಂಚೋ ಬೆಳಕಿನ್ಯಾಗ ಹಿಡಿದ ಮನಷ್ಯಾ. ನೀರು ಎರಡು ಮೂರು ಇಂಚು ಆಳ ಇದ್ರ ಕಂಬ ಏಳ್ತೈತಿ, ಆ ಕಂಬದ ತಲಿ ಮ್ಯಾಲೆ ಎರಡನೇ ಹನಿ ಬಿದ್ರ ಛತ್ರಿ. ಛತ್ರಿ ಒಂದು ಸಿಗಬೇಕಂದ್ರ ನನಗ ಇನ್ನೂ ಇನ್ನೂರು ಫೋಟೋ ಹಾಳಾಗ್ತಾವ.

ಫ್ಲ್ಯಾಶ್ ಇಲ್ಲದ ಮೊಬೈಲಷ್ಟ ಇದ್ರ ಮಧ್ಯಾಹ್ನ ಮಾಳಗಿ ಮ್ಯಾಲೆ ಹೋಗ್ರಿ, ನಮ್ಮ ಬಿಸಿಲಿಗೆ ಪ್ರೋ ಮೋಡಿನ್ಯಾಗ (ಸೆಟ್ಟಿಂಗ್ ಕೈಯಿಂದ ಮಾಡೋ ಮೋಡ್) ಶಟರ್ 1/4000 ಆರಾಮ ಸಿಗ್ತೈತಿ. ಬೀಳೋ ಹನಿ ಬ್ಯಾಡ, ನಳದ ತುದಿಗೆ ತೂಗೋ ಹನಿ ಹಿಡೀರಿ, ಹಿಂದ ಕಿನ್ನಾಳ ಗೊಂಬಿ ಇಡ್ರಿ, ಆದ್ರ ತಲಿಕೆಳಗ ಮಾಡಿ ಇಡ್ರಿ, ಹನಿಯೊಳಗ ನೆಟ್ಟಗ ನಿಂತಿರ್ತೈತಿ.