ಕ್ಷಮೆ ಕೇಳಲು ಹೊರಟ ವೈದ್ಯರಿಗೆ ಹೋಗಬೇಡಿ ಎಂದದ್ದೇಕೆ

ಕೋವಿಡ್‌ನ ಎರಡನೇ ಅಲೆ ಇಳಿದು ವರ್ಷಗಳೇ ಕಳೆದರೂ, ಆಗ ಐಸಿಯುಗಳಲ್ಲಿ ದುಡಿದ ವೈದ್ಯರು ಮತ್ತು ನರ್ಸ್‌ಗಳು ಆಪ್ತಸಮಾಲೋಚನೆ ನಡೆಸುವ ನನ್ನ ಬಳಿ ಬರುವುದು ನಿಂತಿಲ್ಲ. ಅವರಾರೂ ಕೋವಿಡ್‌ನ ಹೆಸರೆತ್ತಿ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ, ಸಿಟ್ಟು ಹೆಚ್ಚಾಗಿದೆ, ಮನೆಯಲ್ಲಿ ಮಾತುಕತೆಯಿಲ್ಲ ಎಂದು ಬರುತ್ತಾರೆ. ಅಂಥ ಒಂದು ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನ ವೃತ್ತಿಬಾಂಧವರಲ್ಲೇ ಕೆಲವರು ಒಪ್ಪಿಲ್ಲ. ಆದ್ದರಿಂದ ಅದರ ಹಿಂದಿನ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ನಲವತ್ತರ ಆಸುಪಾಸಿನ ಫಿಜಿಶಿಯನ್. ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಕೆಲಸ. ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿನ ಮುಂದೆ ತಮ್ಮ ಕಾರು ನಿಂತಿರುವುದನ್ನು ಊರಿನ ರೋಗಿಗಳು ಕಂಡರೆ ಏನೆಂದುಕೊಂಡಾರು ಎಂಬ ಅಳುಕಿನಿಂದ ಎರಡು ಜಿಲ್ಲೆ ದಾಟಿ ಬಂದಿದ್ದರು. ಅವರನ್ನು ಕಾಡುತ್ತಿದ್ದದ್ದು 2021ರ ಮೇ ತಿಂಗಳ ಒಂದು ರಾತ್ರಿ. ಆ ತಿಂಗಳ 5ರಂದು ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಹೊಸ ಸೋಂಕು ದಾಖಲಾಗಿತ್ತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಸತ್ತ ಸುದ್ದಿ ಇನ್ನೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಇವರ ವಾರ್ಡಿನಲ್ಲಿ ಒಂದು ವೆಂಟಿಲೇಟರ್ ಖಾಲಿಯಾಯಿತು, ಬೇಕಿದ್ದದ್ದು ಇಬ್ಬರಿಗೆ. ಬದುಕುವ ಸಾಧ್ಯತೆ ಹೆಚ್ಚೆಂದು ಕಂಡ ಬಾಣಂತಿಯೊಬ್ಬರಿಗೆ ಅದನ್ನು ಹಾಕಿಸಿದರು. ಅರವತ್ತು ದಾಟಿದ ನಿವೃತ್ತ ನೌಕರರೊಬ್ಬರನ್ನು ಮಕಾಡೆ ಮಲಗಿಸಿ, ಆಮ್ಲಜನಕ ಹೆಚ್ಚಿಸಿ ಕಾದರೂ, ಬೆಳಗಾಗುವ ಮೊದಲೇ ಅವರು ತೀರಿಕೊಂಡರು. ಮಗನಿಗೆ ಫೋನ್ ಮಾಡಿ ತಿಳಿಸಿದವರೂ ಇವರೇ.

ಬಾಣಂತಿ ಬದುಕಿದರು. ಅದನ್ನು ಸಮರ್ಥನೆಯಾಗಿ ಬಳಸಲು ನಾನು ಒಪ್ಪುವುದಿಲ್ಲ, ಏಕೆಂದರೆ ಅವರು ಉಳಿಯದೇ ಹೋಗಿದ್ದರೂ ಆ ಗಳಿಗೆಯ ನಿರ್ಧಾರ ಅದೇ ಆಗಿರುತ್ತಿತ್ತು.

ಮೊದಲ ಭೇಟಿಯಲ್ಲೇ ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ವೈದ್ಯರೆಂಬ ಸಂಕೋಚಕ್ಕೆ ಈ ಪ್ರಶ್ನೆಯನ್ನು ಬಿಡುವವರುಂಟು, ಬಿಡಬಾರದು. ಅಂಥ ಯೋಚನೆ ಇರಲಿಲ್ಲ. ನಿದ್ದೆಯ ತೊಂದರೆಗೆ ಪರಿಚಿತ ಮನೋವೈದ್ಯರ ಬಳಿ ಕಳುಹಿಸಿದೆ.

ಪತ್ನಿಯೂ ಜೊತೆಗೆ ಬಂದ ದಿನ, ವೈದ್ಯರು ಕುಳಿತ ಕೂಡಲೇ ತಮ್ಮ ತೀರ್ಮಾನ ಹೇಳಿದರು. ಆ ರಾತ್ರಿ ಇದ್ದದ್ದು ಒಂದೇ ವೆಂಟಿಲೇಟರ್, ಅದನ್ನು ಇನ್ನೊಬ್ಬರಿಗೆ ಕೊಟ್ಟದ್ದು ತಾವು, ತೀರಿಹೋದವರ ಮಗನ ವಿಳಾಸ ಸಿಕ್ಕಿದೆ, ಭಾನುವಾರ ಹೋಗಿ ಇದನ್ನೆಲ್ಲ ಹೇಳಿ ಕ್ಷಮೆ ಕೇಳುವುದು ಖಚಿತ ಎಂದರು. ನಾನು ಉತ್ತರಿಸುವ ಮೊದಲೇ ಪತ್ನಿ ಮಾತಾಡಿದರು.

“ಮೇಡಂ, ಆಗೆಲ್ಲ ಇವರು ದಿನಾ ಸಂಜೆ ಪೇಷಂಟ್ ಕಡೆಯವರಿಗೆ ಫೋನ್ ಮಾಡ್ತಿದ್ರು. ‘ಇವತ್ತು ಹೀಗಿದೆ, ನೋಡ್ತಾ ಇದ್ದೀವಿ, ನಾಳೆ ಹೇಳ್ತೀವಿ’ ಅಂತ. ನನ್ನ ಹತ್ರ ಈಗಲೂ ಹಾಗೇ ಮಾತಾಡೋದು. ನಾನೂ ಪೇಷಂಟ್ ಕಡೆಯವಳಾಗಿಬಿಟ್ಟಿದ್ದೀನಿ. ಆ ರಾತ್ರಿ ಏನಾಯ್ತು ಅಂತ ನಂಗೆ ಗೊತ್ತಾಗ್ತಿರೋದೇ ಇವತ್ತು, ಇಲ್ಲಿ. ಗುರುತಿಲ್ಲದ ಮನೆಗೆ ಹೋಗಿ ಹೇಳೋಕಾಗುತ್ತೆ, ನಂಗೆ ಯಾಕೆ ಹೇಳೋಕಾಗಲಿಲ್ಲ?”

“ಅದನ್ನ ಆಮೇಲೆ ಮಾತಾಡೋಣ, ಈಗ ಗಾಬರಿ ಬೇಡ” ಎಂದರು ವೈದ್ಯರು. ಅಂದ ಮರುಕ್ಷಣವೇ ತಮ್ಮ ದನಿ ತಮಗೇ ಕೇಳಿಸಿದಂತೆ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಿನ ನಂತರ, “ಹೇಳಿದ್ರೆ ನೀನೂ ‘ನಿಮ್ಮ ತಪ್ಪಲ್ಲ’ ಅಂತಿದ್ದೆ. ಅದನ್ನ ಕೇಳಿ ಕೇಳಿ ಸಾಕಾಗಿತ್ತು” ಎಂದರು.

“ನಾನು ಹಾಗನ್ನಲ್ಲ. ಏನಾಯ್ತು ಅಂತ ಹೇಳಿ, ಸಾಕು.”

ಅವರು ಕೇಸ್ ಶೀಟ್ ಓದುವವರ ಹಾಗೆ ಗಂಟೆ, ಸ್ಯಾಚುರೇಶನ್, ಕೊಟ್ಟ ಔಷಧಿ ಎಲ್ಲವನ್ನೂ ಕ್ರಮವಾಗಿ ಹೇಳಿದರು. ಪತ್ನಿ ಕೇಳಿದ್ದು ಒಂದೇ ಪ್ರಶ್ನೆ: “ಅವರಿಗೆ ಎಚ್ಚರ ಇತ್ತಾ?” ಇತ್ತಂತೆ. ವೆಂಟಿಲೇಟರನ್ನು ತಮ್ಮ ಹಾಸಿಗೆ ದಾಟಿಸಿ ಆಚೆ ತಳ್ಳಿಕೊಂಡು ಹೋಗುವುದನ್ನು ಆ ಹಿರಿಯರು ಕತ್ತು ಹೊರಳಿಸಿ ನೋಡಿದ್ದರಂತೆ. ಅಷ್ಟು ದಿನ ನನಗೂ ಹೇಳದೆ ಉಳಿಸಿಕೊಂಡಿದ್ದ ಸಂಗತಿ ಅದು.

ಅಂದೇ ನಾನು ಸ್ಪಷ್ಟವಾಗಿ ಹೇಳಿದೆ: ಆ ಮನೆಗೆ ಹೋಗಬೇಡಿ. ಆ ಕುಟುಂಬ ತಂದೆಯನ್ನು ಕಳೆದುಕೊಂಡು, ಕೊನೆಯ ಬಾರಿ ಮುಖವನ್ನೂ ಸರಿಯಾಗಿ ನೋಡಲಾಗದೆ, ಹೇಗೋ ಆ ದುಃಖದೊಂದಿಗೆ ಬದುಕಲು ಕಲಿತಿರಬಹುದು. ಕೇಳದೆಯೇ ಅವರ ಬಾಗಿಲಿಗೆ ಹೋಗಿ ಈ ವಿವರ ಒಪ್ಪಿಸಿದರೆ, ವೈದ್ಯರ ಎದೆಯ ಭಾರ ಇಳಿದು ಮಗನ ಹೆಗಲೇರುತ್ತದೆ. ಜೊತೆಗೆ ಅಲ್ಲೇ ನಿಂತು ಕ್ಷಮಿಸಬೇಕಾದ ಒತ್ತಾಯವೂ ಅವನ ಮೇಲೆ ಬೀಳುತ್ತದೆ. ಸತ್ಯ ತಿಳಿಯುವುದು ಕುಟುಂಬದ ಹಕ್ಕು, ನೀವು ವೈದ್ಯರ ಪಕ್ಷ ವಹಿಸಿದಿರಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಕುಟುಂಬದವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳುತ್ತದೆ. ಮಗ ಎಂದಾದರೂ ಬಂದು ಕೇಳಿದರೆ ಒಂದು ಅಕ್ಷರವನ್ನೂ ಮುಚ್ಚಿಡದೆ ಹೇಳಬೇಕೆಂಬ ಮಾತನ್ನು ವೈದ್ಯರಿಂದ ಪಡೆದೇ ಈ ಸಲಹೆ ಕೊಟ್ಟೆ. ಯಾವಾಗ ಕೇಳಬೇಕು, ಕೇಳಬೇಕೋ ಬೇಡವೋ ಎಂಬುದು ಮಗನಿಗೆ ಬಿಟ್ಟದ್ದು.

‘ನಿಮ್ಮ ತಪ್ಪಲ್ಲ’ ಎಂದು ನಾನೂ ಹೇಳಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಅವರು, ಅಧಿಕಾರದಲ್ಲಿರುವವರು ಸರಿಯಾದುದನ್ನು ಮಾಡದೆ ಹೋದಾಗ ಕೆಳಗಿನವರ ಮನಸ್ಸಿಗಾಗುವ ಹಾನಿಯನ್ನು ನೈತಿಕ ಗಾಯವೆಂದು ಕರೆದರು. ನಮ್ಮ ವೈದ್ಯರಲ್ಲಿ ನಾನು ಕಾಣುತ್ತಿರುವುದು ಇದನ್ನೇ. ಚಿಕಿತ್ಸೆ ಕೊಡುವ ವೈದ್ಯರೇ ವೆಂಟಿಲೇಟರ್ ಹಂಚಿಕೆಯನ್ನೂ ನಿರ್ಧರಿಸಬಾರದು, ಅದಕ್ಕೆ ಬೇರೆ ತಂಡವಿರಬೇಕು ಎಂಬ ಸಲಹೆ ವೈದ್ಯಕೀಯ ಪತ್ರಿಕೆಗಳಲ್ಲಿ 2020ರಲ್ಲೇ ಪ್ರಕಟವಾಗಿತ್ತು. ಇವರ ಆಸ್ಪತ್ರೆಯಲ್ಲಿ ಅಂಥ ತಂಡವೂ ಇರಲಿಲ್ಲ, ಲಿಖಿತ ನಿಯಮವೂ ಇರಲಿಲ್ಲ. ಹಾಗಾಗಿ ಮಗನಿಗೆ ಹೇಳಬೇಕೆಂದಿದ್ದ ಮಾತನ್ನು ಆಸ್ಪತ್ರೆಯ ಆಡಳಿತಕ್ಕೆ ಬರೆಯಲು ಹೇಳಿದೆ: ಅಂದು ಏನಿರಲಿಲ್ಲ, ಮುಂದೆ ಏನಿರಬೇಕು, ಯಾರು ಸಹಿ ಹಾಕಬೇಕು. ಆ ರಾತ್ರಿ ಜೊತೆಗಿದ್ದ ನರ್ಸ್ ಒಬ್ಬರನ್ನು ಕಂಡು ಮಾತಾಡಲೂ ಸೂಚಿಸಿದೆ. ಯಂತ್ರವನ್ನು ತಳ್ಳಿಕೊಂಡು ಹೋದವರು ಅವರೇ.

ಇಂಥವರ ಮನೆಯವರಿಗೆ ನನ್ನ ವಿನಂತಿಯಿಷ್ಟು: ಸಮಾಧಾನ ಹೇಳುವ ಮೊದಲು ಏನಾಯಿತೆಂದು ಪೂರ್ತಿಯಾಗಿ ಕೇಳಿಸಿಕೊಳ್ಳಿ, ನಡುವೆ ತೀರ್ಪು ಬೇಡ. ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಮಾತಾಡಬೇಕೆನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಿದೆ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರು ಆ ಮನೆಗೆ ಹೋಗಲಿಲ್ಲ. ಕೊರೊನಾ ವಾರಿಯರ್ ಎಂದು ಶಾಲು ಹೊದಿಸುವ ಸನ್ಮಾನಗಳಿಗೂ ಹೋಗುವುದಿಲ್ಲ. ಹೋಗಿ ಎಂದು ನಾನೂ ಹೇಳಿಲ್ಲ. ಆಡಳಿತಕ್ಕೆ ಬರೆದ ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದನ್ನು ವಾರ್ಡಿನ ನರ್ಸ್‌ಗಳ ಸಹಿಯೊಂದಿಗೆ ಕಳುಹಿಸಿದ್ದಾರೆ. ಅದರ ಕರಡನ್ನು ತಿದ್ದಿದವರು ಅವರ ಪತ್ನಿ.